ಪುಣೆ–ಬೆಂಗಳೂರು: ದೂರವೆಷ್ಟು, ಹೊತ್ತೆಷ್ಟು?

ಪುಣೆ ಕ್ಯಾಂಪಿನಲ್ಲಿ ನಾಲ್ಕು ಜನ ಕನ್ನಡಿಗರು ಕಲೆತಾಗ, ಅದು ಮದುವೆಯ ಮಂಟಪವಾಗಿರಲಿ, ರಾಜ್ಯೋತ್ಸವದ ಸಭೆಯಾಗಿರಲಿ, ಪರಸ್ಪರ ಕೇಳಿಕೊಳ್ಳುವ ಮೊದಲ ಪ್ರಶ್ನೆ “ನಿಮ್ಮ ಊರು ಯಾವುದು?” ಎಂಬುದು. ಎರಡನೆಯ ಪ್ರಶ್ನೆ “ಅಲ್ಲಿಗೆ ಎಷ್ಟು ಹೊತ್ತಿನ ಹಾದಿ?” ಎಂಬುದು. ಬೆಂಗಳೂರಿನ ಕಡೆಯವರು ಈ ಎರಡನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುತ್ತಾರೆ: “ವಿಮಾನದಲ್ಲಿ ಒಂದೂವರೆ ಗಂಟೆ.” ಧಾರವಾಡದವರು “ಕಾರಿನಾಗ ಏಳು ತಾಸು” ಎನ್ನುತ್ತಾರೆ. ಎರಡೂ ಸುಳ್ಳಲ್ಲ. ಆದರೆ ಲೆಕ್ಕಪತ್ರ ಬಲ್ಲವರು ಈ ಉತ್ತರಗಳನ್ನು ಪೂರ್ಣವೆಂದು ಒಪ್ಪುವುದು ಕಷ್ಟ. ಜಮಾ ಬದಿಯನ್ನು ಮಾತ್ರ ಬರೆದು ಖರ್ಚಿನ ಬದಿಯನ್ನು ಖಾಲಿ ಬಿಟ್ಟ ಕಿರ್ದಿ ಪುಸ್ತಕದಂತೆ ಅವು ಅರ್ಧ ಸತ್ಯವನ್ನಷ್ಟೇ ಹೇಳುತ್ತವೆ.

ಊರಿನಲ್ಲಿ ವಯಸ್ಸಾದ ತಂದೆತಾಯಿಗಳನ್ನು ಬಿಟ್ಟು ಇಲ್ಲಿ ನೆಲೆಸಿದವರಿಗೆ ಈ ಲೆಕ್ಕ ಕೇವಲ ಕುತೂಹಲದ ವಿಷಯವಲ್ಲ. ಒಂದು ದಿನ ನಡುರಾತ್ರಿ ದೂರವಾಣಿ ಕರೆ ಬಂದಾಗ ಈ ಲೆಕ್ಕವನ್ನು ಸರಿಯಾಗಿ ತಿಳಿದಿರುವುದು ಪ್ರಾಣಕ್ಕೆ ಸಂಬಂಧಿಸಿದ ಮಾತಾಗುತ್ತದೆ. ಆದ್ದರಿಂದ ಅದನ್ನು ಸಮಾಧಾನದ ಹೊತ್ತಿನಲ್ಲಿ ಕುಳಿತು ಬಿಡಿಸಿ ನೋಡುವುದು ಲೇಸು.

ಹಿಂದಿನ ಹಾದಿ

ಕನ್ನಡಿಗರಿಗೂ ಪುಣೆಗೂ ಇರುವ ನಂಟು ಹೊಸದಲ್ಲ. ೧೯೧೭ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಪ್ರಾರಂಭವಾಗುವ ಮುನ್ನ ಆ ಸೀಮೆಯ ತರುಣರು ಪದವಿ ಪಡೆಯಬೇಕಾದರೆ ಪುಣೆ, ಮುಂಬಯಿಗಳ ದಾರಿ ಹಿಡಿಯಬೇಕಾಗಿತ್ತು. ವರಕವಿ ದ. ರಾ. ಬೇಂದ್ರೆಯವರು ಓದಿದ್ದು ಇಲ್ಲಿಯ ಫರ್ಗ್ಯೂಸನ್ ಕಾಲೇಜಿನಲ್ಲಿ. ಅಂದಿನ ಪ್ರಯಾಣವೆಂದರೆ ರೈಲು. ಅನಂತರದ ಕಾಲದಲ್ಲಿಯೂ, ೧೯೮೦ರ ದಶಕದವರೆಗೆ, ಪುಣೆಯಿಂದ ಮೀರಜದವರೆಗೆ ಬ್ರಾಡ್‌ಗೇಜ್, ಅದರಾಚೆ ಮೀಟರ್‌ಗೇಜ್ ಎಂಬ ಪರಿಸ್ಥಿತಿಯಿತ್ತು. ಟ್ರಂಕು, ಹಾಸಿಗೆ ಸುರುಳಿ, ನೀರಿನ ಕೂಜಾ, ನಿದ್ದೆಗಣ್ಣಿನ ಮಕ್ಕಳು ಇವಿಷ್ಟನ್ನೂ ಮೀರಜ ನಿಲ್ದಾಣದಲ್ಲಿ ಒಂದು ಗಾಡಿಯಿಂದಿಳಿಸಿ ಇನ್ನೊಂದಕ್ಕೆ ಏರಿಸಿದ ನೆನಪು ಹಿರಿಯರಲ್ಲಿ ಇನ್ನೂ ಹಸಿರಾಗಿದೆ. ೧೯೯೦ರ ದಶಕದಲ್ಲಿ ಹುಬ್ಬಳ್ಳಿಯ ಹಾದಿ ಬ್ರಾಡ್‌ಗೇಜ್ ಆದ ಮೇಲೆ ಆ ಪರದಾಟ ತಪ್ಪಿತು.

ಆಕಾಶ ಮಾರ್ಗವೂ ಕನ್ನಡ ನೆಲಕ್ಕೆ ತಡವಾಗಿ ಬಂದದ್ದಲ್ಲ. ೧೯೩೨ರ ಅಕ್ಟೋಬರ್ ತಿಂಗಳಲ್ಲಿ ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಅಂಚೆ ವಿಮಾನವನ್ನು ಹಾರಿಸಿ ತಂದಾಗ, ಆ ಅಂಚೆ ಮುಂಬಯಿಯಿಂದ ಮದ್ರಾಸಿಗೆ ಹೋದದ್ದು ಬಳ್ಳಾರಿಯ ಮಾರ್ಗವಾಗಿ. ಆದರೆ ಸಾಮಾನ್ಯ ಸಂಬಳದಾರರಿಗೆ ವಿಮಾನವೆಂಬುದು ಬಹುಕಾಲ ತಲೆಯೆತ್ತಿ ನೋಡುವ ವಸ್ತುವಾಗಿಯೇ ಉಳಿಯಿತು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು ೨೦೦೩ರಲ್ಲಿ ಏರ್ ಡೆಕ್ಕನ್ ಸಂಸ್ಥೆಯ ಅಗ್ಗದ ದರದ ಹಾರಾಟವನ್ನು ಪ್ರಾರಂಭಿಸಿದ ಮೇಲೆಯೇ ಮಧ್ಯಮ ವರ್ಗದ ಮನೆಗಳಲ್ಲಿ “ವಿಮಾನದಲ್ಲಿ ಹೋಗೋಣವೇ?” ಎಂಬ ಮಾತು ಸಹಜವಾಯಿತು.

ಪುಣೆಯ ಕನ್ನಡಿಗರಲ್ಲಿ ನೆಲ, ಆಕಾಶಗಳೆರಡನ್ನೂ ಧಾರಾಳವಾಗಿ ಬಳಸಿದವರೆಂದರೆ ಪಂಡಿತ ಭೀಮಸೇನ ಜೋಶಿಯವರು. ಹುಡುಗನಾಗಿದ್ದಾಗ ಗದಗಿನ ಮನೆ ಬಿಟ್ಟು ಗುರುವನ್ನು ಹುಡುಕುತ್ತ ರೈಲು ಹತ್ತಿದವರು, ಮುಂದೆ ತಾವೇ ಕಾರು ನಡೆಸಿಕೊಂಡು ದೂರದೂರದ ಕಛೇರಿಗಳಿಗೆ ಹೋಗುತ್ತಿದ್ದರು. ಅವರ ವಿಮಾನ ಯಾನದ ಹೆಚ್ಚಳವನ್ನು ಕಂಡು ಪು. ಲ. ದೇಶಪಾಂಡೆಯವರು, ಗುರು ಸವಾಯಿ ಗಂಧರ್ವರ ಹೆಸರಿಗೆ ಪ್ರಾಸ ಹೊಂದಿಸಿ, ಶಿಷ್ಯನನ್ನು “ಹವಾಯಿ ಗಂಧರ್ವ” ಎಂದು ಕರೆದದ್ದು ಪ್ರಸಿದ್ಧವಾಗಿದೆ.

ಆಕಾಶದ ಲೆಕ್ಕ

ಲೋಹಗಾಂವ್ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ನೇರ ಗೆರೆಯೆಳೆದರೆ ದೂರ ಸುಮಾರು ೭೨೦ ಕಿಲೋಮೀಟರ್. ಜೆಟ್ ವಿಮಾನವು ನೆಲ ಬಿಟ್ಟು ನೆಲ ಮುಟ್ಟಲು ಒಂದೂಕಾಲು ಗಂಟೆಯ ಸುಮಾರು ಸಾಕು. ವೇಳಾಪಟ್ಟಿಯಲ್ಲಿ ಒಂದೂವರೆ ಗಂಟೆಯೆಂದು ಬರೆದಿರುತ್ತದೆ.

ಈಗ ಈಸ್ಟ್ ಸ್ಟ್ರೀಟಿನ ಬಳಿ ವಾಸಿಸುವ ಗೃಹಸ್ಥರೊಬ್ಬರು ಬೆಂಗಳೂರಿನ ಜಯನಗರದಲ್ಲಿರುವ ತಂದೆಯ ಮನೆಗೆ ಹೊರಟರೆಂದು ಭಾವಿಸಬಹುದು. ಮನೆಯಿಂದ ಲೋಹಗಾಂವಿಗೆ ಮುಕ್ಕಾಲು ಗಂಟೆ. ಸಾಮಾನು ಒಪ್ಪಿಸುವ ಕಿಟಕಿಯು ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುವುದರಿಂದ, ತಪಾಸಣೆಯ ಸಾಲನ್ನೂ ಎಣಿಸಿ, ಎರಡು ಗಂಟೆ ಮುಂಚಿತವಾಗಿ ಅಲ್ಲಿರಬೇಕು. ಹಾರಾಟಕ್ಕೆ ಒಂದೂವರೆ ಗಂಟೆ. ಇಳಿದು, ಪಟ್ಟಿಯ ಮೇಲೆ ಸುತ್ತಿ ಬರುವ ಪೆಟ್ಟಿಗೆಯನ್ನು ಹಿಡಿದು ಹೊರಬರಲು ಅರ್ಧ ಗಂಟೆ. ದೇವನಹಳ್ಳಿಯಿಂದ ಹೆಬ್ಬಾಳವನ್ನು ದಾಟಿ ಜಯನಗರಕ್ಕೆ ಒಂದೂವರೆ ಗಂಟೆ. ಸಂಜೆಯಾದರೆ ಇನ್ನೂ ಹೆಚ್ಚು. ಒಟ್ಟು ಕೂಡಿದರೆ ಆರೂಕಾಲು ಗಂಟೆ. ಇದರಲ್ಲಿ ನಿಜವಾಗಿ ಹಾರಿದ ಹೊತ್ತು ಐದನೆಯ ಒಂದು ಭಾಗ ಮಾತ್ರ.

೨೦೦೮ರ ಮೇ ತಿಂಗಳವರೆಗೆ ಬೆಂಗಳೂರಿನ ವಿಮಾನಗಳು ನಗರದೊಳಗಿನ ಎಚ್.ಎ.ಎಲ್. ನಿಲ್ದಾಣದಲ್ಲಿ ಇಳಿಯುತ್ತಿದ್ದವು. ಆ ತಿಂಗಳ ೨೪ರಂದು ದೇವನಹಳ್ಳಿಯ ನಿಲ್ದಾಣ ಪ್ರಾರಂಭವಾಯಿತು. ಪುಣೆಯಲ್ಲಿಯೂ ೨೦೨೪ರಲ್ಲಿ ಹೊಸ ಟರ್ಮಿನಲ್ ಬಂದಿದೆ. ಸೌಕರ್ಯ ಹೆಚ್ಚಿತು, ಸಂದೇಹವಿಲ್ಲ. ಆದರೆ ಮನೆಯ ಬಾಗಿಲಿನಿಂದ ಮನೆಯ ಬಾಗಿಲಿಗೆ ಎಂಬ ಅಳತೆಯಲ್ಲಿ ನೋಡಿದರೆ ಬೆಂಗಳೂರಿನ ದಕ್ಷಿಣ ಭಾಗದವರಿಗೆ ಊರು ಹತ್ತಿರವಾಗಲಿಲ್ಲ.

ನೆಲದ ಲೆಕ್ಕ

ರಸ್ತೆಯ ಮೂಲಕ ಪುಣೆಯಿಂದ ಬೆಂಗಳೂರಿಗೆ ಸುಮಾರು ೮೪೦ ಕಿಲೋಮೀಟರ್. ಹಿಂದೆ ರಾಷ್ಟ್ರೀಯ ಹೆದ್ದಾರಿ ೪ ಎಂದು ಹೆಸರಾಗಿದ್ದ, ಈಗ ೪೮ ಎಂಬ ಸಂಖ್ಯೆ ಪಡೆದಿರುವ ಈ ಮಾರ್ಗವು ಸುವರ್ಣ ಚತುಷ್ಕೋನ ಯೋಜನೆಯಲ್ಲಿ ಅಗಲವಾಯಿತು. ಕಾತ್ರಜದ ಬೆಟ್ಟ, ಖಂಬಾಟಕಿ ಘಾಟ್, ಸಾತಾರಾ, ಕರಾಡ್, ಕೊಲ್ಹಾಪುರ, ನಿಪ್ಪಾಣಿ. ಅನಂತರ ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು. ಕರ್ನಾಟಕದ ಅರ್ಧ ಭೂಪಟವೇ ಈ ಒಂದು ಹಾದಿಯಲ್ಲಿ ಕಣ್ಣೆದುರು ಹಾಯುತ್ತದೆ. ಗಂಟೆಗೆ ೬೦ ಕಿಲೋಮೀಟರಿನ ಸರಾಸರಿ ಹಿಡಿದರೆ ಹದಿನಾಲ್ಕು ಗಂಟೆ; ಊಟ, ತಿಂಡಿ, ಇಂಧನ, ವಿಶ್ರಾಂತಿ ಸೇರಿ ಹದಿನಾರು. ಬೆಳಗಿನ ಐದಕ್ಕೆ ಹೊರಟವರು ರಾತ್ರಿ ಒಂಬತ್ತಕ್ಕೆ ತಲುಪುತ್ತಾರೆ. ರೈಲಿನಲ್ಲಿ ಸೊಲ್ಲಾಪುರ, ಕಲಬುರಗಿ, ಗುಂತಕಲ್ಲುಗಳ ಮಾರ್ಗವಾಗಿ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಸುಮಾರು ಇಪ್ಪತ್ತು ಗಂಟೆ ಬೇಕು.

ಆದರೆ ಪುಣೆಯ ಕನ್ನಡಿಗರೆಲ್ಲರ ಊರು ಬೆಂಗಳೂರಲ್ಲ. ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರಗಿಗಳ ಕಡೆಯಿಂದ ಬಂದವರು ಇಲ್ಲಿ ಬಹಳ ಮಂದಿಯಿದ್ದಾರೆ. ಪುಣೆಯಿಂದ ಬೆಳಗಾವಿ ಸುಮಾರು ೩೪೦ ಕಿಲೋಮೀಟರ್, ಧಾರವಾಡ ೪೧೫, ಹುಬ್ಬಳ್ಳಿ ೪೩೫. ಸೊಲ್ಲಾಪುರದ ಮೇಲಿನಿಂದ ವಿಜಯಪುರ ಸುಮಾರು ೩೫೦. ಹುಬ್ಬಳ್ಳಿ, ಬೆಳಗಾವಿಗಳಲ್ಲಿ ವಿಮಾನ ನಿಲ್ದಾಣಗಳಿದ್ದರೂ ಪುಣೆಯಿಂದ ನೇರ ಹಾರಾಟ ಕೆಲವು ಕಾಲ ಇದ್ದು ಕೆಲವು ಕಾಲ ನಿಂತುಹೋಗುವುದುಂಟು. ಅದನ್ನೇ ನೆಚ್ಚಿ ಕೂರುವಂತಿಲ್ಲ. ಆದ್ದರಿಂದ ಇವರಿಗೆ ನೆಲವೇ ಗತಿ. ಧಾರವಾಡಕ್ಕೆ ವಿಶ್ರಾಂತಿಯೂ ಸೇರಿ ಎಂಟು ಗಂಟೆ ಹಿಡಿಯುತ್ತದೆ. ೨೦೨೪ರ ಸೆಪ್ಟೆಂಬರಿನಲ್ಲಿ ಪ್ರಾರಂಭವಾದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಗಾಡಿಯೂ ತನ್ನ ಹಾದಿಗೆ ಹೆಚ್ಚುಕಡಿಮೆ ಎಂಟೂವರೆ ಗಂಟೆ ತೆಗೆದುಕೊಳ್ಳುತ್ತದೆ.

ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ೮೪೦ ಕಿಲೋಮೀಟರ್ ದೂರದ ಬೆಂಗಳೂರಿನವರು ಆರೂಕಾಲು ಗಂಟೆಯಲ್ಲಿ ಮನೆ ಸೇರಿದರೆ, ಅದರ ಅರ್ಧ ದೂರದ ಧಾರವಾಡದವರಿಗೆ ಎಂಟು ಗಂಟೆ ಬೇಕು. ಮೈಲಿಗಲ್ಲು ಒಂದು ಮಾತು ಹೇಳುತ್ತದೆ, ಗಡಿಯಾರ ಇನ್ನೊಂದು ಮಾತು ಹೇಳುತ್ತದೆ.

ದೇಹದ ಲೆಕ್ಕ

ಪ್ರಯಾಣದ ಖರ್ಚಿನಲ್ಲಿ ಟಿಕೆಟಿನ ಹಣವನ್ನು ಎಲ್ಲರೂ ಬರೆಯುತ್ತಾರೆ. ದೇಹವು ತೆರುವ ಬೆಲೆಯನ್ನು ಬರೆಯುವವರು ಕಡಿಮೆ.

ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕಾಲು ಮಡಿಸಿ ಕುಳಿತರೆ ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡರಷ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೦೭ರಲ್ಲಿ ಪ್ರಕಟಿಸಿತು. ಇದು ವಿಮಾನಕ್ಕೆ ಮಾತ್ರ ಅಂಟಿದ ದೋಷವಲ್ಲ. ಬಸ್ಸು, ರೈಲು, ಕಾರುಗಳಿಗೂ ಅನ್ವಯಿಸುತ್ತದೆ. ಆರೋಗ್ಯವಂತರಲ್ಲಿ ಈ ಅಪಾಯ ಬಹಳ ಸಣ್ಣದು, ಸುಮಾರು ಆರು ಸಾವಿರ ಮಂದಿಯಲ್ಲಿ ಒಬ್ಬರಿಗೆ. ಆದರೆ ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಗರ್ಭಿಣಿಯರು, ಅತಿಯಾದ ಮೈಭಾರವುಳ್ಳವರು ಎಚ್ಚರದಿಂದಿರಬೇಕು. ಎರಡು ಗಂಟೆಗೊಮ್ಮೆ ಎದ್ದು ಹತ್ತು ಹೆಜ್ಜೆ ನಡೆಯುವುದು, ಕುಳಿತಲ್ಲಿಯೇ ಪಾದಗಳನ್ನು ಮೇಲಕ್ಕೂ ಕೆಳಕ್ಕೂ ಆಡಿಸುವುದು, ಸಾಕಷ್ಟು ನೀರು ಕುಡಿಯುವುದು, ಇವೇ ಸುಲಭೋಪಾಯಗಳು. ನಮ್ಮ ಮನೆಗಳ ಹಿರಿಯ ಹೆಂಗಸರು ದಾರಿಯಲ್ಲಿ ಶೌಚಾಲಯದ ತೊಂದರೆಗೆ ಅಂಜಿ ಹಿಂದಿನ ರಾತ್ರಿಯಿಂದಲೇ ನೀರು ಬಿಡುತ್ತಾರೆ. ಇದನ್ನು ಮನೆಯವರು ಗಮನಿಸಿ, ಶುಚಿಯಾದ ನಿಲುಗಡೆಗಳನ್ನು ಮೊದಲೇ ಗೊತ್ತುಮಾಡಿಕೊಂಡು, ಅವರಿಗೆ ಧೈರ್ಯ ಹೇಳಬೇಕು.

ವಿಮಾನದ ಒಳಗಿನ ಗಾಳಿಯ ಒತ್ತಡವು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿದಿರುತ್ತದೆ. ಆರೋಗ್ಯವಂತರಿಗೆ ಇದು ಅರಿವಿಗೇ ಬಾರದು. ತೀವ್ರ ರಕ್ತಹೀನತೆಯುಳ್ಳವರು, ಶ್ವಾಸಕೋಶದ ರೋಗಿಗಳು, ಈಚೆಗೆ ಹೃದಯಾಘಾತವಾದವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಮಧುಮೇಹಿಗಳು ಇನ್ಸುಲಿನ್, ಮಾತ್ರೆ, ಔಷಧದ ಚೀಟಿ ಇವನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಒಪ್ಪಿಸುವ ಪೆಟ್ಟಿಗೆಯಲ್ಲಿ ಹಾಕಬಾರದು. ಅಲ್ಲಿ ಹೇಳಿದ ಆರೂಕಾಲು ಗಂಟೆಯೊಳಗೆ ಒಂದು ಊಟದ ಹೊತ್ತು ತಪ್ಪದೆ ಬರುತ್ತದೆಂಬುದನ್ನೂ ಅವರು ಮರೆಯಬಾರದು.

ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ ನಿದ್ದೆಗೆಟ್ಟು ಕಾರು ನಡೆಸುವುದು. ಹದಿನೇಳು ಗಂಟೆ ಎಚ್ಚರವಿದ್ದ ಮನುಷ್ಯನ ಚುರುಕುತನವು, ರಕ್ತದಲ್ಲಿ ಶೇಕಡಾ ೦.೦೫ ಮದ್ಯಾಂಶವಿರುವವನ ಮಟ್ಟಕ್ಕೆ ಇಳಿಯುತ್ತದೆ ಎಂದು ಸಂಶೋಧಕರು ತೋರಿಸಿದ್ದಾರೆ. ನಮ್ಮ ದೇಶದ ಮೋಟಾರು ವಾಹನ ಕಾನೂನು ಅನುಮತಿಸುವ ಮಿತಿ ಶೇಕಡಾ ೦.೦೩. ಅಂದರೆ, ಜೀವಮಾನದಲ್ಲಿ ಮದ್ಯದ ಬಟ್ಟಲನ್ನು ಮುಟ್ಟದ ಗೃಹಸ್ಥನೂ ನಿದ್ದೆಗೆಟ್ಟು ಚಕ್ರ ಹಿಡಿದರೆ ಕುಡುಕನಿಗೆ ಸಮಾನನಾಗುತ್ತಾನೆ. ೧೯೬೧ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ಬಸ್ಸಿನ ಚಾಲಕನಿಗೆ ದಿನಕ್ಕೆ ಎಂಟು ಗಂಟೆಯ ದುಡಿಮೆಯನ್ನೂ, ಐದು ಗಂಟೆ ಮೀರುವ ಮೊದಲು ಅರ್ಧ ಗಂಟೆಯ ವಿಶ್ರಾಂತಿಯನ್ನೂ ವಿಧಿಸಿದೆ. ಸ್ವಂತ ಕಾರಿನಲ್ಲಿ ಸ್ವಂತ ಊರಿಗೆ ಧಾವಿಸುವವನಿಗೆ ಅಂಥ ಕಾಯಿದೆಯಿಲ್ಲ. ಅವನು ತಾನೇ ವಿಧಿಸಿಕೊಳ್ಳಬೇಕು.

ನಡುರಾತ್ರಿಯ ಕರೆ

ಹಿಂದೆ “ತಂದೆಗೆ ಗಂಭೀರ, ಕೂಡಲೇ ಹೊರಡು” ಎಂಬ ತಂತಿ ಬರುತ್ತಿತ್ತು. ತಂತಿ ಕೈ ಸೇರುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತಿತ್ತು. ಮುಂದಿನ ರೈಲು ಎಷ್ಟು ಗಂಟೆಗೋ ಅಷ್ಟು ಗಂಟೆಗೆ ಹೊರಡುವುದಲ್ಲದೆ ಬೇರೆ ದಾರಿಯಿರಲಿಲ್ಲ. ೨೦೧೩ರ ಜುಲೈ ತಿಂಗಳಲ್ಲಿ ತಂತಿ ಸೇವೆಯೇ ಮುಗಿಯಿತು. ಈಗ ಸುದ್ದಿ ಕ್ಷಣದಲ್ಲಿ ಮುಟ್ಟುತ್ತದೆ, ಬಾಗಿಲಲ್ಲಿ ಕಾರು ನಿಂತಿರುತ್ತದೆ. ಅಪಾಯವಿರುವುದು ಈ ಅನುಕೂಲದಲ್ಲಿಯೇ.

ರಾತ್ರಿ ಹನ್ನೊಂದಕ್ಕೆ ಧಾರವಾಡದಿಂದ ನೆರೆಮನೆಯವರ ಕರೆ ಬರುತ್ತದೆಂದು ಕಲ್ಪಿಸಿಕೊಳ್ಳಬಹುದು. “ನಿಮ್ಮ ಅಪ್ಪಾರಿಗೆ ಎದಿ ನೋವು ಬಂದೈತ್ರಿ, ಲಗೂನ ಬರ್ರಿ.” ಮಗ ಬೆಳಿಗ್ಗೆ ಆರಕ್ಕೆ ಎದ್ದವನು. ದಿನವಿಡೀ ಕಚೇರಿಯಲ್ಲಿ ದುಡಿದವನು. ಎಚ್ಚರವಾಗಿ ಆಗಲೇ ಸರಿಯಾಗಿ ಹದಿನೇಳು ಗಂಟೆಯಾಗಿದೆ. ಹನ್ನೊಂದೂವರೆಗೆ ಅವನು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಟರೆ ಕೊಲ್ಹಾಪುರದ ಸುತ್ತಮುತ್ತ ಬರುವ ಹೊತ್ತಿಗೆ ಬೆಳಗಿನ ಜಾವ ನಾಲ್ಕು. ಮನುಷ್ಯನ ದೇಹವು ನಿದ್ದೆಗೆ ಅತ್ಯಂತ ಸೋಲುವ ವೇಳೆ ಅದು. ಮುಂದೆ ಸಾಲುಸಾಲು ಲಾರಿಗಳು. ಈ ಹೆದ್ದಾರಿಯ ಉಳಿದ ಭಾಗವೆಲ್ಲ ಅಗಲವಾದ ಮೇಲೂ ಹುಬ್ಬಳ್ಳಿ–ಧಾರವಾಡ ಬೈಪಾಸು ಬಹುಕಾಲ ಇಕ್ಕಟ್ಟಾಗಿಯೇ ಉಳಿದಿತ್ತು. ೨೦೨೧ರ ಜನವರಿ ೧೫ರ ಬೆಳಿಗ್ಗೆ ಇಟಿಗಟ್ಟಿಯ ಬಳಿ ಆದ ಅಪಘಾತದಲ್ಲಿ ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡದ್ದನ್ನು ಆ ಸೀಮೆಯವರು ಮರೆತಿಲ್ಲ.

ಇಷ್ಟೆಲ್ಲ ಗಂಡಾಂತರವನ್ನು ಎದುರಿಸಿ ಅವನು ಧಾರವಾಡ ಮುಟ್ಟುವುದು ಏಳೂವರೆಗೆ. ಹೃದಯಾಘಾತದಲ್ಲಿ ಮೊದಲ ಒಂದು ಗಂಟೆ ಅತ್ಯಮೂಲ್ಯವೆಂದು ವೈದ್ಯರು ಹೇಳುತ್ತಾರೆ. ಪಾರ್ಶ್ವವಾಯುವಿನಲ್ಲಿ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು; ಬೇಗನೆ ಕೊಟ್ಟಷ್ಟೂ ಲಾಭ. ಪುಣೆಯಿಂದ ಹೊರಟವರು ಯಾವ ವಾಹನದಲ್ಲಿ ಹೋದರೂ, ಎಷ್ಟು ವೇಗವಾಗಿ ಹೋದರೂ, ಆ ಒಂದು ಗಂಟೆಯನ್ನಾಗಲಿ ಆ ನಾಲ್ಕೂವರೆ ಗಂಟೆಯನ್ನಾಗಲಿ ಹಿಡಿಯಲಾರರು. ಬೆಂಗಳೂರಿಗೆ ವಿಮಾನದಲ್ಲಿ ಹೋದರೂ ಆರೂಕಾಲು ಗಂಟೆಯೆಂಬುದು ಮೇಲೆಯೇ ಸಿದ್ಧವಾಗಿದೆ. ತಂದೆಯ ಪ್ರಾಣವನ್ನು ಉಳಿಸುವ ಗಂಟೆಯು ಆ ಊರಿನವರ ಕೈಯಲ್ಲಿದೆ. ಮಗನ ಕೈಯಲ್ಲಿರುವುದು ಅದಕ್ಕೆ ಮೊದಲೇ ಏರ್ಪಾಡು ಮಾಡುವುದು, ಆಮೇಲೆ ತಾನು ಕ್ಷೇಮವಾಗಿ ತಲುಪುವುದು.

ಮೊದಲೇ ಮಾಡಬೇಕಾದ ಏರ್ಪಾಡು

ಮುಂದಿನ ಸಲ ಹಬ್ಬಕ್ಕೆ ಊರಿಗೆ ಹೋದಾಗ ಒಂದು ಮಧ್ಯಾಹ್ನವನ್ನು ಇದಕ್ಕಾಗಿ ಮೀಸಲಿಡಬೇಕು. ಮನೆಗೆ ಸಮೀಪದಲ್ಲಿ ರಾತ್ರಿಯೂ ತೆರೆದಿರುವ, ಹೃದ್ರೋಗದ ತುರ್ತು ಚಿಕಿತ್ಸೆಯೂ ಸಿ.ಟಿ. ಸ್ಕ್ಯಾನೂ ಇರುವ ಆಸ್ಪತ್ರೆ ಯಾವುದೆಂದು ವಿಚಾರಿಸಿ ತಿಳಿದುಕೊಳ್ಳಬೇಕು. ತಂದೆತಾಯಿಗಳ ಕಾಯಿಲೆ, ಔಷಧ, ರಕ್ತದ ಗುಂಪು, ವಿಮೆಯ ವಿವರ ಇವನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಅದರ ಪ್ರತಿಯೊಂದು ಪುಣೆಯ ಮನೆಯಲ್ಲಿಯೂ ಇರಬೇಕು. ನೆರೆಮನೆಯ ಇಬ್ಬರನ್ನಾದರೂ ಕಂಡು, ಹೊತ್ತಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುವ ಭಾರವನ್ನು ವಿನಯದಿಂದ ಒಪ್ಪಿಸಬೇಕು. ಆಸ್ಪತ್ರೆಯ ಮುಂಗಡ ಹಣಕ್ಕೆ ಅವರು ಪರದಾಡದಂತೆ ಊರಿನ ಬ್ಯಾಂಕಿನಲ್ಲಿ ಜಂಟಿ ಖಾತೆಯೋ ಮತ್ತೊಂದು ವ್ಯವಸ್ಥೆಯೋ ಇರಬೇಕು.

ಕರ್ನಾಟಕದಲ್ಲಿ ೨೦೦೮ರಿಂದ ೧೦೮ ಸಂಖ್ಯೆಯ ಆಂಬುಲೆನ್ಸ್ ಸೇವೆಯಿದೆ. ಮಹಾರಾಷ್ಟ್ರದಲ್ಲಿಯೂ ಅದೇ ಸಂಖ್ಯೆ. ಪುಣೆಯಲ್ಲಿ ಕುಳಿತು ಮಗ ಗಾಬರಿಯಿಂದ ೧೦೮ ಒತ್ತಿದರೆ ಅದು ಮಹಾರಾಷ್ಟ್ರದ ಕೇಂದ್ರಕ್ಕೆ ಹೋಗುತ್ತದೆ. ಧಾರವಾಡದ ಆಂಬುಲೆನ್ಸ್ ಹೊರಡುವುದಿಲ್ಲ. ಆ ಕರೆಯನ್ನು ಅಲ್ಲಿರುವವರೇ ಮಾಡಬೇಕು. ಇದನ್ನು ತಾಯಿಗೂ ನೆರೆಯವರಿಗೂ ಮೊದಲೇ ಹೇಳಿಟ್ಟಿರಬೇಕು.

ಇನ್ನು ಹೊರಡುವ ಕ್ರಮ. ಬೆಂಗಳೂರಿನವರಾದರೆ ಮೊದಲ ವಿಮಾನಕ್ಕೆ ಟಿಕೆಟು ಕೊಂಡು, ಇರುವ ನಾಲ್ಕು ಗಂಟೆ ಮಲಗುವುದೇ ಜಾಣತನ; ರಾತ್ರಿಯೇ ಕಾರಿನಲ್ಲಿ ಹೊರಟವನು ಮರುದಿನ ಮಧ್ಯಾಹ್ನ ಮೂರಕ್ಕೆ ಮುಟ್ಟಿದರೆ, ವಿಮಾನದವನು ಬೆಳಿಗ್ಗೆ ಹತ್ತರ ಸುಮಾರಿಗೇ ಅಲ್ಲಿರುತ್ತಾನೆ. ಧಾರವಾಡ, ಬೆಳಗಾವಿಗಳ ಕಡೆಯವರಾದರೆ ರಾತ್ರಿ ಬಸ್ಸು ಸಿಕ್ಕರೆ ಅದು. ಇಲ್ಲವಾದರೆ ಹಗಲು ನಿದ್ದೆ ಮಾಡಿದ ಬಾಡಿಗೆ ಚಾಲಕ. ಅದೂ ಇಲ್ಲವಾದರೆ ಬೆಳಗಿನ ಐದರವರೆಗೆ ನಿದ್ದೆ. ಹಾಗೆ ಹೊರಟವನು ಮಧ್ಯಾಹ್ನ ಒಂದಕ್ಕೆ ತಲುಪುತ್ತಾನೆ. ಕಳೆದುಕೊಂಡದ್ದು ಐದೂವರೆ ಗಂಟೆ. ಆ ಹೊತ್ತಿನಲ್ಲಿ ತಂದೆಯ ಹಾಸಿಗೆಯ ಪಕ್ಕದಲ್ಲಿ ಒಬ್ಬರು ಕುಳಿತಿದ್ದಾರೆಂಬ ನಂಬಿಕೆ ಇದ್ದರೆ ಮಾತ್ರ ಕಣ್ಣು ಮುಚ್ಚಲು ಸಾಧ್ಯ. ಮೇಲೆ ಹೇಳಿದ ಏರ್ಪಾಡೆಲ್ಲ ಆ ನಂಬಿಕೆಗಾಗಿಯೇ.

ಕೆಲವೊಮ್ಮೆ ಎಲ್ಲವನ್ನೂ ಸರಿಯಾಗಿ ಮಾಡಿದರೂ ಕಡೆಯ ಮುಖ ನೋಡಲು ಸಿಗದೆ ಹೋಗುತ್ತದೆ. ಪರಸ್ಥಳದಲ್ಲಿ ಅನ್ನ ಹುಡುಕಿಕೊಂಡವರು ತೆರಬೇಕಾದ ಸುಂಕ ಅದು. ಬೇಂದ್ರೆಯವರ ಕಾಲದ ರೈಲಿನಲ್ಲಿಯೂ ತೆತ್ತಿದ್ದಾರೆ, ಇಂದಿನ ಜೆಟ್ ವಿಮಾನದಲ್ಲಿಯೂ ತೆರುತ್ತಾರೆ. ಆದರೆ ಒಂದು ಮನೆಯ ಒಂದು ದುಃಖವನ್ನು ಎರಡು ಮಾಡಿಕೊಳ್ಳುವ ಅಗತ್ಯವಿಲ್ಲ. ಹೆದ್ದಾರಿಯ ಬದಿಯಲ್ಲಿ “ನಿಧಾನವೇ ಪ್ರಧಾನ” ಎಂದು ಬರೆದ ಫಲಕವನ್ನು ಎಲ್ಲರೂ ಓದಿದ್ದಾರೆ. ಆಸ್ಪತ್ರೆಯ ಮಂಚದಲ್ಲಿ ಕಣ್ಣು ತೆರೆದ ತಂದೆ ಮಗನನ್ನು ಕಂಡು ಕೇಳುವ ಮೊದಲ ಮಾತೂ ಎಲ್ಲರಿಗೂ ಗೊತ್ತಿದೆ: “ಊಟ ಮಾಡಿದ್ಯೇನೋ? ದಾರ್ಯಾಗ ತ್ರಾಸ ಆಗಲಿಲ್ಲಲಾ?” ಆ ಪ್ರಶ್ನೆಗೆ “ಇಲ್ಲಪ್ಪಾ, ಆರಾಮಾಗಿ ಬಂದೆ” ಎಂದು ಉತ್ತರಿಸುವಂತೆ ಹೋಗುವುದು ಮಗನ ಮೊದಲ ಕರ್ತವ್ಯ.